ತಪ್ಪು ಗೆರೆಗಿಂತ ಒಂದು ಗೇಣು ಮೇಲೆ

ಪ್ರೀತಿಯ ಭಾವ,

ನಾಗರಾಜ ಗುದ್ದಲಿ ಕಾವು ಬೀಸಿದ ದಿನ ನಿಮ್ಮ ತಲೆಯ ರಕ್ತ ನನ್ನ ಕೆಂಪು ಬಣ್ಣದ ಡಬ್ಬಕ್ಕೂ ಸಿಡಿದಿತ್ತು. ಎರಡೂ ಹೊಂದಲಿಲ್ಲ, ನಿಮ್ಮದು ಸ್ವಲ್ಪ ಕಡು. ಬೋರ್ಡು ಬರೆಯುವವನ ಕಣ್ಣು, ಏನು ಮಾಡಲಿ? ದೊಡ್ಡಬಳ್ಳಾಪುರದ ಆಸ್ಪತ್ರೆ ಮುಟ್ಟುವವರೆಗೂ ನನ್ನ ಸ್ಕೂಟರಿನ ಹಿಂದೆ ಕೂತು, ಗೆರೆ ಅವನ ಬಾಗಿಲ ತನಕ ಹೋಯಿತೋ ಇಲ್ಲವೋ ಎಂದೇ ಕೇಳುತ್ತಿದ್ದಿರಿ.

ಈ ಗೆರೆಯ ಹುಚ್ಚು ನಿಮಗೆ ಹತ್ತಿದ್ದು ಪಂಚಾಯಿತಿ ಸಭೆಯಲ್ಲಿ. ಹಳ್ಳ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ನಕ್ಷೆ ಆಗಬೇಕು, ಅದರೊಳಗೆ ಹೊಸ ಮನೆ ಬೇಡ, ಅಡ್ಡಗೋಡೆಗಳು ಹೋಗಬೇಕು ಎಂದು ಮೆಂಬರಾದ ನೀವೇ ಹಟ ಹಿಡಿದಿರಿ. ಪ್ರವಾಹ ಇಳಿದ ಮೇಲೆ ದಂಡೆಯ ಗಂಗಮ್ಮನ ಕಲ್ಲಿನಲ್ಲಿ, ನೀರು ಮುಟ್ಟಿದ ಕಡೆ ಗೀರು ಕೊರೆದು ಅರಿಶಿನ ತುಂಬುವುದು ನಮ್ಮ ಪದ್ಧತಿಯಲ್ಲವೇ? ಎಲ್ಲಕ್ಕಿಂತ ಮೇಲಿನ ಗೀರಿನ ಎತ್ತರವನ್ನು ಗಾರೆಯವರು ಮಟ್ಟ ನೋಡುವ ನೀರಿನ ಪೈಪಿನಲ್ಲಿ ಗೋಡೆಯಿಂದ ಗೋಡೆಗೆ ದಾಟಿಸಿದೆವು. ‘ಹಳ್ಳದ ಪಾತ್ರ, ನೀರಿಗೆ ಮಾತ್ರ’ ಎಂದು ನಾನು ಬೋರ್ಡು ಬರೆದರೆ, “ಲಾರಿ ಹಿಂದೆ ಬರಿಯೋದೆಲ್ಲ ಆಮೇಲೆ, ಮೊದ್ಲು ಗೆರೆ ಸೀದಾ ಎಳಿ ಬಾಮೈದ” ಎಂದಿರಿ.

ಆ ಗೆರೆ ನಿಮ್ಮ ಕಾಂಪೌಂಡನ್ನೂ ಬಿಡಲಿಲ್ಲ. ಅಕ್ಕ ಡೇರಿಗೆ ಹಾಲು ಹಾಕಿ ಕಟ್ಟಿಸಿದ ಗೋಡೆ. ಮೊದಲು ನಿನ್ನದು ಕೆಡವು, ಆಮೇಲೆ ನಮ್ಮ ಬಾಗಿಲಿಗೆ ಬಾ ಎಂದು ಪಕ್ಕದ ಮನೆಯ ನಾಗರಾಜ ಕೂಗಿದ. ಕೆಡವುತ್ತೇನೆ, ಆಮೇಲೆ ನಿನ್ನದು ಎಂದಿರಿ. ಅಷ್ಟಕ್ಕೇ ಕಾವು ಎದ್ದದ್ದು.

ಹೊಲಿಗೆ ಬಿಚ್ಚುವ ಮೊದಲೇ ತಪ್ಪು ಹೊರಬಿತ್ತು. ಗುಡಿಯ ಜೀರ್ಣೋದ್ಧಾರದಲ್ಲಿ ಹೊಸ ಕಟ್ಟೆ ಕಟ್ಟಿ ಕಲ್ಲನ್ನು ಅದರ ಮೇಲೆ ಕೂರಿಸಿದ್ದರು. ಹೆಗಲು ಕೊಟ್ಟವರಲ್ಲಿ ನಾವಿಬ್ಬರೂ ಇದ್ದೆವು! ತಾಯಿಯನ್ನು ಎತ್ತಿದ್ದು ನೆನಪಿತ್ತು. ಅವಳ ಜೊತೆ ನೀರಿನ ಗುರುತೂ ಮೇಲೇರಿದ್ದು ಯಾರಿಗೂ ಹೊಳೆಯಲಿಲ್ಲ. ಊರು ಹೊಟ್ಟೆ ಹಿಡಿದು ನಕ್ಕಿತು, ಗೆರೆಯ ಮೇಲೆ ಸುಣ್ಣ ಬಳಿಯಿತು. ನೀವು ಗೋಡೆಯ ಮಾತೇ ಬಿಟ್ಟಿರಿ. ಅಂದೇ ಕೆಡವಿಬಿಟ್ಟಿದ್ದರೆ...

ಆ ಮಧ್ಯಾಹ್ನ ಹಳ್ಳ ನುಗ್ಗಿದ್ದು ನಿಮಗೆ ಎಷ್ಟು ನೆನಪಿದೆಯೋ. ಮೇಲ್ಗಡೆ ಲೇಔಟಿನವರು ಹಳ್ಳಕ್ಕೆ ಮಣ್ಣು ತುಂಬಿದ್ದರು. ಜಾಗ ಕಳೆದುಕೊಂಡ ನೀರು ಊರಿನ ಮೇಲೆ ಬಿತ್ತು. ನಾಗರಾಜನ ಕೊಟ್ಟಿಗೆ ಮುರಿದು, ಕಟ್ಟಿದ ಎಮ್ಮೆ ಕೊರಳ ಹಗ್ಗದಲ್ಲೇ ಉಸಿರುಗಟ್ಟಿ ಸತ್ತಿತು. ನಿಮ್ಮ ಗೋಡೆಗೆ ಬಡಿದ ನೀರು ತಿರುಗಿ ಅವನ ಮನೆಗೆ ನುಗ್ಗುತ್ತಿತ್ತು. ಒಳಗೆ ಅವನ ಹೆಂಡತಿ ಕಿರುಚುತ್ತಿದ್ದಳು. ನೀವು ಹಾರೆ ಹಿಡಿದು ಓಡಿದಿರಿ. ಎರಡೇ ಏಟಿಗೆ ಆ ಕಡೆಯ ಗೋಡೆಯೆಲ್ಲ ನಿಮ್ಮ ಎದೆಯ ಮೇಲೆ. ಅವಳು ಬದುಕಿದಳು. ಅದನ್ನಾದರೂ ಕೇಳಿಸಿಕೊಂಡಿರಾ ಭಾವ?

ನೀರು ಇಳಿದ ಮೇಲೆ ಸುಣ್ಣದ ಗೋಡೆಗಳಲ್ಲಿ ಕೆಸರಿನ ಗುರುತು ಹುಡುಕಿದೆ. ನಮ್ಮ ತಪ್ಪು ಗೆರೆಗಿಂತ ಒಂದು ಗೇಣು ಮೇಲೆ. ನಗು ಬಂತು. ಜೊತೆಗೆ ನಗಲು ನೀವಿರಲಿಲ್ಲ.

ನಿಮ್ಮ ತಿಥಿಯ ಮರುದಿನ ಅಕ್ಕ ದೊಡ್ಡ ಸುತ್ತಿಗೆ ಎತ್ತಿಕೊಂಡು, ಉಳಿದ ಗೋಡೆಯನ್ನು ಅಂಗೈ ಕಿತ್ತು ರಕ್ತ ಬರುವವರೆಗೂ ಬಡಿದಳು. ತಡೆಯಲು ಹೋದವನನ್ನು ಮೊಣಕೈಯಿಂದ ತಳ್ಳಿದಳು. ಆಮೇಲೆ ನಾಗರಾಜನ ಗೇಟಿಗೆ ಹೋದಳು. ಹಳ್ಳದ ದಾರಿಗೆ ಇನ್ನೂ ಅಡ್ಡ ನಿಂತಿದ್ದುದು ಅವನ ಕಾಂಪೌಂಡೇ. ಹೊರಗೆ ಬಂದವನನ್ನು ಅಕ್ಕ ಕೇಳಿದಳು.

“ನೀನ್ ಹೊಡಿತೀಯೋ, ನಾನ್ ಹೊಡೀಲೋ?”

ಅವನು ಅಕ್ಕನ ಕೈಯಿಂದ ಸುತ್ತಿಗೆ ಇಸಿದುಕೊಂಡು ತಲೆಯ ಮೇಲಕ್ಕೆ ಎತ್ತಿದ. ನಾನು ಅಕ್ಕನನ್ನು ಹಿಂದಕ್ಕೆ ಎಳೆದೆ. ಮೊದಲ ಏಟು ಅವನ ಗೇಟಿನ ಕಂಬವನ್ನೇ ಸೀಳಿತು, ಭಾವ.