ಬಲಗಡೆಯ ಸೀಟು

೧೯೪೭, ಅಕ್ಟೋಬರ್ ೬, ಬೆಳಿಗ್ಗೆ

ಮತ್ತೆ ಡಬ್ಬಿ ತೊಳೆಯುವ ಕೆಲಸ. ನಾವು ಯುದ್ಧ ಸೋತ ಮೇಲೆ ಇಲ್ಲಿ ಬೀಡುಬಿಟ್ಟ ಅಮೆರಿಕನ್ ಸೈನಿಕರು ಬಿಯರ್ ಕುಡಿದು ಎಸೆದವು. ಸೀಳಿ, ಬಡಿದು ಚಪ್ಪಟೆ ಮಾಡಿದರೆ ಆಟಿಕೆ ಕಾರಿಗೆ ತಗಡು. ಕೈಯೆಲ್ಲ ಗಾಯ. ಮಾವ ತಗಡು ಒತ್ತುವ ಉಕ್ಕಿನ ಅಚ್ಚು ಕೊರೆಯುತ್ತಿದ್ದಾರೆ. ಯುದ್ಧಕ್ಕೆ ಮೊದಲು ಇಲ್ಲೇ ಅವರ ಕಾರ್ಖಾನೆ. ಈಗ ಸುಟ್ಟ ಗೋಡೆ, ಯುದ್ಧಕ್ಕೆ ಹೋದ ಅವರ ಮಗ — ನನ್ನ ಗಂಡ — ಮರಳದ ಮನೆ, ನಾವಿಬ್ಬರು. ಅಮೆರಿಕಕ್ಕೆ ಕಳಿಸುವ ಆರ್ಡರ್ ಸಿಕ್ಕರೆ ಇದು ಮತ್ತೆ ಕಾರ್ಖಾನೆ. ಇಲ್ಲದಿದ್ದರೆ ಪ್ರೆಸ್ ಯಂತ್ರ ಗುಜರಿಗೆ... ಬಿಡುವುದಿಲ್ಲ.

ಅಕ್ಟೋಬರ್ ೧೯

ಮಾದರಿ ಕಾರು ತಯಾರು. ಅದರ ಹೊಟ್ಟೆಗೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಮುದ್ರೆ ಕಡ್ಡಾಯ. ಸಿಟ್ಟು ಬಂತು. ಆದರೂ ನೆಟ್ಟಗೆ ಒತ್ತಿದೆ.

ಅಕ್ಟೋಬರ್ ೨೨

ದಲ್ಲಾಳಿ ಓತ್ಸುಕಾ ಕಾರನ್ನು ತಿರುಗಿಸಿ ನೋಡಿ ನಕ್ಕುಬಿಟ್ಟ. “ಅಲ್ಲಮ್ಮಾ, ಸ್ಟೀರಿಂಗ್ ಬಲಗಡೆ ಇಟ್ಟಿದ್ದೀರಲ್ಲ. ಅವರು ಎಡಗಡೆ ಕೂತು ಓಡಿಸೋರು.”

ದಿನವಿಡೀ ಕಣ್ಣೆದುರೇ ಅವರ ಜೀಪುಗಳು. ಆದರೂ ಮಾವನ ಕೈ ನಮ್ಮ ಕಾರುಗಳ ರೂಢಿ ಬಿಡಲಿಲ್ಲ, ತಪ್ಪು ನನ್ನ ಕಣ್ಣಿಗೂ ಬೀಳಲಿಲ್ಲ. ಶನಿವಾರ ಅಮೆರಿಕದ ಖರೀದಿದಾರ ಬರುತ್ತಾನೆ. ಹೊಸ ಅಚ್ಚಿಗೆ ಉಕ್ಕಿಲ್ಲ, ಸಮಯವೂ ಇಲ್ಲ. ಮಾವ ಅಚ್ಚಿನ ಮುಂದೆ ಕೂತೇ ಇದ್ದರು. ಗೆಣಸಿನ ಗಂಜಿ ಹಾಗೇ ಆರಿತು.

ಅಕ್ಟೋಬರ್ ೨೩

ಎಡಕ್ಕೆ ತೂತು ಕೊರೆದು ಸ್ಟೀರಿಂಗನ್ನೂ ತಗಡಿನ ಚಾಲಕನನ್ನೂ ಅಲ್ಲಿ ಕೂರಿಸಬಹುದು. ಬಲಗಡೆ ಉಳಿಯುವ ತೂತು? ಯಾರನ್ನಾದರೂ ಕೂರಿಸಿ ಮುಚ್ಚೋಣ ಎಂದೆ. ಹೆಂಡತಿಯನ್ನು ಕೂರಿಸಿದರೆ ದಾರಿಯುದ್ದಕ್ಕೂ ಬೈಯುತ್ತಾಳೆ ಎಂದರು ಮಾವ — ನಿನ್ನೆಯಿಂದ ಆಡಿದ ಮೊದಲ ಮಾತು. ತಗಡಿನ ಚೂರು ಕೈಗೆತ್ತಿಕೊಂಡು, ನನ್ನ ಹೆಸರು ಹಿಡಿದು, “ನಾಯಿ ಕೂರಿಸೋಣ ಕಣಮ್ಮ, ತೊಕಿಯೆ.”

ತಗಡಿನಲ್ಲಿ ಕತ್ತರಿಸಿ, ಬಿಳಿ ಬಳಿದು, ಒಂದು ಕಿವಿಗೆ ಮಾತ್ರ ಕಪ್ಪು ಹಚ್ಚಿದರು. ಯಾವ ನಾಯಿ ಎಂದು ಕೇಳಬೇಕಾಗಲಿಲ್ಲ. ಯುದ್ಧದ ಕೊನೆಯ ಚಳಿಗಾಲ, ವಿಮಾನ ಹಾರಿಸುವವರ ಕೋಟಿಗೆ ತುಪ್ಪಳ ಬೇಕೆಂದು ಸರ್ಕಾರದವರು ಬೀದಿಯ ಮನೆಗಳ ನಾಯಿಗಳನ್ನೆಲ್ಲ ಕೇಳಿ ಪಡೆದರು. ಒಂದು ಕಿವಿ ಕಪ್ಪಗಿದ್ದ ನಮ್ಮ ಗೊಮಾನನ್ನು ಹಗ್ಗ ಕಟ್ಟಿ ಕೊಟ್ಟುಬಂದವರು ಮಾವನೇ. ಬಾಲ ಆಡಿಸುತ್ತಲೇ ಹೋದ. ಆಮೇಲೆ ಆ ಹೆಸರು ಮನೆಯಲ್ಲಿ ಯಾರೂ ಎತ್ತಿಲ್ಲ. ಇವತ್ತು ಅತ್ತುಬಿಟ್ಟೆ.

ಅಕ್ಟೋಬರ್ ೨೫, ಸಂಜೆ

ಖರೀದಿದಾರ ಕಾರನ್ನು ಮೇಜಿನ ಮೇಲೆ ಓಡಿಸಿದ. ನಾಯಿ ಕಂಡು ಮುಖ ಅರಳಿತು. ಆರ್ಡರ್ ಕೊಡುತ್ತಾನೆ ಎಂದು ಓತ್ಸುಕಾ ನಮ್ಮ ಭಾಷೆಯಲ್ಲಿ ತಿಳಿಸಿದ, ಎಲ್ಲ ಕಾರಿನಲ್ಲೂ ನಾಯಿ ಇರಲೇಬೇಕಂತೆ! ಆದರೆ ಒಂದು ಕಿವಿ ಯಾಕೆ ಕಪ್ಪು, ಎರಡೂ ಬಿಳಿ ಇದ್ದರೆ ಕೆಲಸ ಬೇಗ ಆಗುತ್ತದಲ್ಲ ಎಂದನಂತೆ. ಮಾವ ಪೂರ್ತಿ ಬಾಗಿ ವಂದಿಸಿ ಓತ್ಸುಕಾನಿಗೆ ಹೇಳಿದರು: “ಆ ಕಿವಿ ಹಾಗೇ ಇರ್ಲಿ ಅನ್ನಿ. ಬೇರೆ ಏನ್ ಬೇಕಾದ್ರೂ ಬದಲಾಯಿಸ್ತೀನಿ.”

ಖರೀದಿದಾರ ಭುಜ ಕುಣಿಸಿ ಒಪ್ಪಿದ.

ನವೆಂಬರ್ ೧೦, ಬೆಳಿಗ್ಗೆ

ಇಷ್ಟು ದಿನ ಬರೆಯಲು ಪುರಸೊತ್ತಾಗಲಿಲ್ಲ. ಪ್ರೆಸ್ ನಿಂತಿಲ್ಲ. ಪಕ್ಕದ ಬೀದಿಯ ಹೆಂಗಸರೂ ಕೆಲಸಕ್ಕೆ ಬರುತ್ತಾರೆ. ಕಿವಿಗೆ ಕಪ್ಪು ಹಚ್ಚುವುದನ್ನು ಮಾತ್ರ ಮಾವ ಯಾರಿಗೂ ಬಿಟ್ಟುಕೊಡುವುದಿಲ್ಲ. ಈಗಲೂ ಅವರ ದನಿ ಕೇಳಿಸುತ್ತಿದೆ. ಒಂದೊಂದನ್ನೂ ಸೀಟಿಗೆ ಕೂರಿಸುತ್ತ, ಮೆಲ್ಲಗೆ, “ಬಾ ಗೊಮಾ... ಕೂತ್ಕೋ. ಹೋಗ್ಬಾ.”

ಡಬ್ಬಿ ಗಾಡಿ ಬಂತು. ಓಡಬೇಕು — ತಡವಾದರೆ ಒಳ್ಳೆಯವನ್ನೆಲ್ಲ ಆಚೆ ಬೀದಿಯವರು—