ಮೂವತ್ತು ದಿನದ ಒಳಗ

ರಾಮದುರ್ಗ

ಹೂಲಿಯ ರಾಚವ್ವ ಅಕ್ಕಾರಿಗೆ ನಮಸ್ಕಾರ.

ಈ ಪತ್ರ ಸವದತ್ತಿ ಬಸ್ಸಿನ ಕಂಡಕ್ಟರನ ಕೈಯಾಗ ಕಳಿಸೇನಿ. ನಾನೂ ಕಂಡಕ್ಟರ್, ಹೆಸರು ಭೀಮಶಿ. ನಿಮ್ಮ ಮಗಳು ಶಿವಾನಿ ಫೋನಿನ ಆಟದಾಗ ಒಂದು ಗಿಲ್ಡ್ ಕಟ್ಟ್ಯಾಳ. ಗಿಲ್ಡ್ ಅಂದ್ರ ಕೂಡಿ ಆಡೂ ತಂಡ. ಇಪ್ಪತ್ತು ಮಂದಿ ಅದೀವಿ, ಅಕಿನ ಲೀಡರ್. ನನಗ ಐವತ್ತಾರು ವರ್ಷ, ಮೊಮ್ಮಕ್ಕಳದಾರ, ತಪ್ಪು ತಿಳೀಬ್ಯಾಡ್ರಿ.

ಹಡದ ಮ್ಯಾಲ ಅವ್ವ ಫೋನ್ ಎತ್ತಿಡತಾಳಂತ ಅಕಿ ಮೊದಲ ಹೇಳಿದ್ದಳು. ಬಾಣಂತಿ ಫೋನ್ ನೋಡಬಾರದಂತ ನೀವು ಎತ್ತಿಟ್ಟದ್ದು ಸರಿ ಐತಿ. ಆದ್ರ ಲೀಡರ್ ಮೂವತ್ತು ದಿನ ಬರಲಿಲ್ಲಂದ್ರ ಆ ಜಾಗಾ ಅಕಿ ಕೈಕೆಳಗಿನ ನನಗ ಬರತೈತಿ. ನನಗದು ಬ್ಯಾಡ್ರಿ. ಹೋದ ವರ್ಷ ಕಾಲು ಮುರಕೊಂಡು ಹಾಸಿಗಿ ಹಿಡಿದಿದ್ದೆ. ಆಗ ಅಕಿ ದಿನಾ, “ಕಾಕಾ, ನೀವು ಬರೂತನಕಾ ಆಟ ಸುರು ಮಾಡಂಗಿಲ್ಲ” ಅಂತ ಕಾಯ್ತಿದ್ದಳು.

ಇವತ್ತ ಇಪ್ಪತ್ತಾರನೇ ದಿನ. ಅಕಿ ಮಲಗಲಿ, ನೀವ ಫೋನ್ ಚಾಲೂ ಮಾಡಿ ಕತ್ತಿ ಚಿತ್ರ ಒಮ್ಮೆ ಒತ್ರಿ, ಆಟ ತೆರೀತೈತಿ, ಅಕಿ ಬಂದಂಗ ಲೆಕ್ಕ. ಒತ್ತಿದ ಕೂಡ್ಲೆ ಎಲ್ಲಾರೂ “ಕೂಸು ಹ್ಯಾಂಗೈತಿ” ಅಂತ ಬರದು ಕೇಳತಾರ. ಗಾಬರಿ ಆಗಬ್ಯಾಡ್ರಿ. ಸಾವಕಾಶ ಒಂದೊಂದ ಅಕ್ಷರ ಒತ್ತಿ ಹೇಳ್ರಿ. ನೀವು ಬರೂತನಕಾ ನಾವು ಆಟ ಸುರು ಮಾಡಂಗಿಲ್ಲ.

ಆಟದಾಗ ನಿಮ್ಮ ಮಗಳ ಕ್ವಾಟಿ ಬಾಗಲಾ ಕಾಯಾಂವ,
ಭೀಮಶಿ