ಬೈಯುವುದನ್ನೇ ಮರೆತಿದ್ದ ಮಗಳಿಗೆ

ನನ್ನ ಚಿನಕುರಳಿಯೇ,

ನೀನು ದೊಡ್ಡವಳಾಗಿ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಿನಗೆ ಫಿಟ್ಸ್ ಶುರುವಾದಾಗಿನಿಂದ ಈ ಟೈಲರ್ ಅಪ್ಪನ ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ನಿನ್ನ ಮೇಲೆ. ಮೊನ್ನೆ ಒಬ್ಬ ಮದುಮಗನ ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತು. ಚೆನ್ನಾಗಿ ಬೈಸಿಕೊಂಡೆ.

ಯಾವ ಮಾತ್ರೆಗೂ ನೀನು ಬಗ್ಗದಿದ್ದಾಗ ಡಾಕ್ಟರಮ್ಮ ಗಾಂಜಾ ಗಿಡದಿಂದ ತೆಗೆದ ಒಂದು ಎಣ್ಣೆಯ ಮಾತೆತ್ತಿದರು. ನಿನ್ನ ಅತ್ತೆ ಸೂರು ಹಾರುವಂತೆ ಕೂಗಿದಳು: ‘ಗಾಂಜಾ ಗಿಡದ್ದಾ? ಮಗೂಗೆ ಕುಡಿಸ್ತೀಯಾ? ತಲೆ ನೆಟ್ಟಗಿದ್ಯಾ ನಿಂಗೆ?’ ಡಾಕ್ಟರಮ್ಮ ಮಾತ್ರ ನಿಧಾನವಾಗಿ, ‘ನಶೆ ಏರಿಸೋ ಅಂಶ ಬೇರೆ, ಇದು ಬೇರೆ. ಔಷಧಕ್ಕೇ ಅಂತ ಶುದ್ಧ ಮಾಡಿರೋದು. ವಾಸಿಯಾಗುತ್ತೆ ಅಂತ ಮಾತು ಕೊಡಲ್ಲ. ಕೆಲವು ಮಕ್ಕಳಿಗೆ ಫಿಟ್ಸ್ ಕಮ್ಮಿಯಾಗಿದೆ, ನೋಡೋಣ’ ಎಂದರು.

ಕಮ್ಮಿಯಾಯಿತು ಕಣೇ. ಕೂಗಾಟವೂ ಕಮ್ಮಿಯಾಯಿತು, ಹಠವೂ. ನನ್ನ ಕತ್ತರಿ ಕದಿಯುವುದನ್ನೂ ಬಿಟ್ಟು ನೀನು ಹಗಲೆಲ್ಲ ಮಲಗಿದೆ. ನಾವು ಮುಠ್ಠಾಳರು, ನಿನ್ನ ನಿದ್ದೆ ಕೆಡಬಾರದೆಂದು ತುದಿಗಾಲಲ್ಲಿ ಓಡಾಡಿದೆವು. ಗಾಬರಿಯಲ್ಲೇ ಬದುಕಿದವರಿಗೆ ಸದ್ದಿಲ್ಲದ ಮನೆಯೇ ಸ್ವರ್ಗ. ಕೊನೆಗೆ ಅತ್ತೆಯೇ, ‘ಅಣ್ಣಾ, ಇವಳು ನನ್ನ ಜೊತೆ ಜಗಳ ಆಡಿ ಎಷ್ಟು ದಿನ ಆಯ್ತು?’ ಎಂದಳು. ಅವತ್ತೇ ನಿನ್ನನ್ನು ಎತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ.

ರಕ್ತ ಪರೀಕ್ಷೆಯಾಯಿತು. ಎಣ್ಣೆಯ ಜೊತೆ ಸೇರಿ ಹಳೆಯ ಮಾತ್ರೆಯೊಂದು ನಿನ್ನ ಮೈಯಲ್ಲಿ ಹೆಚ್ಚಾಗಿ ಉಳಿದು ಮಂಪರು ತರುತ್ತಿತ್ತಂತೆ. ಡಾಕ್ಟರಮ್ಮ ಆ ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಿದ್ದಾರೆ. ಇಳಿಸಿದರೆ ಫಿಟ್ಸ್ ಮರಳಬಹುದು, ಇಳಿಸದಿದ್ದರೆ ನೀನೇ ಮರಳದಿರಬಹುದು. ಅತ್ತ ದರಿ, ಇತ್ತ ಪುಲಿ. ಮಾಡಿದ ಅಡುಗೆ ಪಾತ್ರೆಯಲ್ಲೇ ಉಳಿಯುತ್ತಿದೆ.

ಇವತ್ತು ಬೆಳಿಗ್ಗೆ ಒಮ್ಮೆ ಬಂದೇ ಬಂತು. ಚಿಕ್ಕದೇ. ನಿನ್ನನ್ನು ಪಕ್ಕಕ್ಕೆ ಹೊರಳಿಸಿ ಕಾದು ಕೂತೆವು. ಮಾತ್ರೆ ಇಳಿಸಿದ್ದೇ ತಪ್ಪಾಯಿತೇನೋ ಎಂದು ನಿನ್ನಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ನೀನು ಸ್ವಲ್ಪ ಹೊತ್ತು ಮಲಗಿದ್ದು ಎದ್ದೆ. ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, ‘ಏನ್ ನೋಡ್ತಾ ಕೂತಿದೀರಾ? ಕೆಲ್ಸ ಇಲ್ವಾ ನಿಮ್ಗೆ?’ ಎಂದು ಗದರಿದೆ.

ನಿನ್ನಮ್ಮ ಅಳುತ್ತಲೇ ನಕ್ಕುಬಿಟ್ಟಳು. ನಾನು ಎದ್ದು ಬಂದು ಮಿಷನ್ ಮುಂದೆ ಕೂತೆ. ನಾಳೆ ಏನಾಗುವುದೋ ಗೊತ್ತಿಲ್ಲ, ಹೆದರಿಕೆ ಹೋಗಿಲ್ಲ. ಆದರೂ ನೀನು ಹೇಳಿದ ಮೇಲೆ ಕೆಲಸ ಮಾಡಲೇಬೇಕಲ್ಲ.

ನೂರು ಕಾಲ ಹೀಗೇ ಬೈಯುತ್ತಾ ಬಾಳು, ತಾಯಿ.

ನಿನ್ನ ಬೈಗುಳ ತಿಂದು ಹೊಟ್ಟೆ ತುಂಬಿಸಿಕೊಂಡ,
ಅಪ್ಪ